ಅಜ್ಜಿಯ ಬಳಿ ಬೆಳೆದ ಮಗು, ದಾರಿ ಹುಡುಕುತ್ತಿರುವ ಮಗ: ಮನಸ್ಸು ಬೆಳೆಯುವ ಹಂತಗಳ ಬಗ್ಗೆ ಮೂರು ಪ್ರಶ್ನೆ

ಪ್ರಶ್ನೆ: 26 ವಾರಗಳ ಹೆರಿಗೆ ರಜೆ ಮುಗಿದ ಮೇಲೆ ನಾನು ಕೆಲಸಕ್ಕೆ ಮರಳಿದೆ. ಮಗ ಒಂದೂವರೆ ವರ್ಷದವರೆಗೆ ಹಾಸನದಲ್ಲಿ ನನ್ನ ಅಮ್ಮನ ಬಳಿ ಬೆಳೆದ. ಈಗ ಎರಡೂವರೆ ವರ್ಷ, ನಮ್ಮ ಜೊತೆಗಿದ್ದಾನೆ. ಏನು ಹೇಳಿದರೂ ‘ಬೇಡ’, ‘ನಾನೇ’ ಅನ್ನುತ್ತಾನೆ. ಚಡ್ಡಿಯಲ್ಲೇ ಕಕ್ಕ ಮಾಡಿಕೊಳ್ಳುತ್ತಾನೆ. ಬಿ.ಇಡಿ.ಯಲ್ಲಿ ಮನಶ್ಶಾಸ್ತ್ರಜ್ಞ ಎರಿಕ್ಸನ್ ಹೇಳಿದ, ಮನಸ್ಸು ಬೆಳೆಯುವ 8 ಹಂತಗಳನ್ನು ಓದಿದ್ದೆ. ಅವನ ಮೊದಲ ಹಂತವೇ ಕೆಟ್ಟುಹೋಯಿತೇ?

ಉತ್ತರ: ಇಲ್ಲ. ಎರಿಕ್ ಎರಿಕ್ಸನ್ 1950ರಲ್ಲಿ ಮುಂದಿಟ್ಟ ಈ ಹಂತಗಳನ್ನು ಪರೀಕ್ಷೆಯ ಗೈಡುಗಳು ಕೋಷ್ಟಕಕ್ಕೆ ಇಳಿಸಿ, ಒಂದೊಂದಕ್ಕೂ ಪಾಸು–ಫೇಲು ಇದೆ ಅನ್ನುವ ಹಾಗೆ ಕಲಿಸಿಬಿಟ್ಟಿವೆ. ಮೊದಲ ಹಂತದಲ್ಲಿ ಒಂದು ಕಡೆ ನಂಬಿಕೆ, ಇನ್ನೊಂದು ಕಡೆ ಅಪನಂಬಿಕೆ. ಎರಿಕ್ಸನ್ ಲೆಕ್ಕದಲ್ಲಿ ಎರಡೂ ಮಗುವಿಗೆ ಬೇಕು, ನಂಬಿಕೆಯ ಪಾಲು ಹೆಚ್ಚಿರಬೇಕು ಅಷ್ಟೆ. ಗುರುತಿಲ್ಲದವರು ಎತ್ತಿಕೊಂಡಾಗ ಅಳುವ ಮಗುವಿನಲ್ಲಿ ಇರುವುದು ಬೇಕಾದ ಅಪನಂಬಿಕೆಯೇ.

ಹಸಿದು ಅತ್ತಾಗ, ಹೆದರಿ ಅತ್ತಾಗ ಗುರುತಿರುವ ಒಬ್ಬರು ಬಂದೇ ಬರುತ್ತಾರೆ ಎಂಬ ಅನುಭವದಿಂದ ನಂಬಿಕೆ ಕೂರುತ್ತದೆ. ಆ ಒಬ್ಬರು ಹೆತ್ತ ತಾಯಿಯೇ ಆಗಬೇಕೆಂದಿಲ್ಲ. ನಿಮ್ಮ ಅಮ್ಮ ಆ ಕೆಲಸ ಮಾಡಿದ್ದಾರೆ. ಒಂದೂವರೆ ವರ್ಷಕ್ಕೆ ಅಜ್ಜಿಯಿಂದ ದೂರವಾದದ್ದು ಮಾತ್ರ ಅವನಿಗೆ ನಿಜವಾದ ನಷ್ಟ, ಅದನ್ನು ಹಗುರಾಗಿ ನೋಡಬೇಡಿ. ದಿನವೂ ಒಂದೇ ಹೊತ್ತಿಗೆ ಅಜ್ಜಿಗೆ ವಿಡಿಯೊ ಕರೆ ಮಾಡಿಸಿ, ಆಗಾಗ ಹಾಸನಕ್ಕೆ ಕರೆದುಕೊಂಡು ಹೋಗಿ.

ಇನ್ನೊಂದು ಮಾತು: ಬೆಳಿಗ್ಗೆ ಅವನ ಗಮನ ಬೇರೆಡೆ ಸೆಳೆದು ಕದ್ದು ಹೊರಡಬೇಡಿ. ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಎಂದು ಮಗು ಅದರಿಂದ ಕಲಿಯುತ್ತದೆ, ಆಮೇಲೆ ನೀವು ಬಚ್ಚಲಿಗೆ ಹೋದರೂ ಬೆನ್ನು ಬಿಡುವುದಿಲ್ಲ. ಹೇಳಿ, ಒಮ್ಮೆ ಅಪ್ಪಿಕೊಂಡು ಹೊರಡಿ. ‘ಆರು ಗಂಟೆಗೆ’ ಎಂದರೆ ಅವನಿಗೆ ತಿಳಿಯದು, ‘ನೀನು ಸಂಜೆ ಹಾಲು ಕುಡಿದ ಮೇಲೆ ಬರ್ತೀನಿ’ ಎಂದರೆ ತಿಳಿಯುತ್ತದೆ. ಹೇಳಿದ ಹೊತ್ತಿಗೆ ಬನ್ನಿ.

‘ಬೇಡ’, ‘ನಾನೇ’ ಎರಡನೆಯ ಹಂತದ ಮಾತು. ಸುಮಾರು ಒಂದೂವರೆಯಿಂದ ಮೂರು ವರ್ಷದವರೆಗಿನ ಈ ಹಂತದಲ್ಲಿ ಒಂದು ಕಡೆ ಸ್ವಾಯತ್ತತೆ, ಇನ್ನೊಂದು ಕಡೆ ನಾಚಿಕೆ ಮತ್ತು ಸಂಶಯ. ‘ಚಪ್ಪಲಿ ಹಾಕ್ಕೊಳ್ತೀಯಾ?’ ಎಂದು ಕೇಳಿದರೆ ‘ಬೇಡ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಕೆಂಪು ಚಪ್ಪಲಿಯೋ, ನೀಲಿಯೋ?’ ಎಂದು ಕೇಳಿ. ಎರಡೇ ಆಯ್ಕೆ ಕೊಡಿ, ಮೂರಾದರೆ ಗೊಂದಲ. ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದರೆ ಹತ್ತು ಸೆಕೆಂಡು ಕೈಕಟ್ಟಿ ನಿಲ್ಲಿ. ರಸ್ತೆ, ಒಲೆ, ಔಷಧಿಯ ವಿಷಯದಲ್ಲಿ ಆಯ್ಕೆಯೇ ಬೇಡ.

ಕಕ್ಕದ ವಿಷಯದಲ್ಲಿ ಮೊದಲು ಮಲ ಗಟ್ಟಿಯಾಗಿದೆಯೇ ನೋಡಿ. ಒಮ್ಮೆ ನೋವಾದರೆ ಮಗು ತಡೆದು ಹಿಡಿಯುತ್ತದೆ, ತಡೆದಷ್ಟೂ ಗಟ್ಟಿಯಾಗಿ ಇನ್ನಷ್ಟು ನೋವಾಗುತ್ತದೆ. ಹಾಗಿದ್ದರೆ ಕಕ್ಕಕ್ಕೆ ಕೂರಿಸುವ ತರಬೇತಿ ನಿಲ್ಲಿಸಿ ಮಕ್ಕಳ ವೈದ್ಯರನ್ನು ಕಾಣಿ. ಇಲ್ಲದಿದ್ದರೆ, ಎರಡು ಗಂಟೆ ಚಡ್ಡಿ ಒಣಗಿರುವುದು, ಬರುವ ಮುಂಚೆ ಹೇಳುವುದು ಅಥವಾ ಮೂಲೆಗೆ ಸರಿಯುವುದು, ಚಡ್ಡಿ ತಾನೇ ಇಳಿಸುವುದು ಕಂಡ ಮೇಲೆ ಶುರುಮಾಡಿ. ಊಟವಾದ ಸ್ವಲ್ಪ ಹೊತ್ತಿಗೆ ಕರುಳು ಚುರುಕಾಗುತ್ತದೆ. ಆಗ ಕಾಲು ನೆಲಕ್ಕೆ ತಾಗುವ ಹಾಗೆ ಮಕ್ಕಳನ್ನು ಕಕ್ಕಕ್ಕೆ ಕೂರಿಸುವ ಪುಟ್ಟ ಕುರ್ಚಿಯ (ಪಾಟಿ) ಮೇಲೆ 3ರಿಂದ 5 ನಿಮಿಷ ಕೂರಿಸಿ, ಬರದಿದ್ದರೆ ಎಬ್ಬಿಸಿಬಿಡಿ. ನೆಂಟರ ಮುಂದೆ ‘ಶೇಮ್ ಶೇಮ್’ ಎಂದು ನಗಬೇಡಿ. ಹಾಗೆ ನಕ್ಕರೆ ತನ್ನ ದೇಹದ ಬಗ್ಗೆಯೇ ನಾಚಿಕೆಪಟ್ಟು ಮಗು ಅಡಗಿ ಕಕ್ಕ ಮಾಡಲು ಕಲಿಯುತ್ತದೆ. ರಾತ್ರಿ ಹಾಸಿಗೆ ಒದ್ದೆಯಾಗುವುದು ಐದು ವರ್ಷದವರೆಗೂ ಸಹಜ.

ಎರಡೂವರೆಗೂ ‘ಅಮ್ಮ ಬಾ’ ರೀತಿ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ಅದು ಈ ಹಂತಗಳ ಪ್ರಶ್ನೆಯಲ್ಲ. ತಡಮಾಡದೆ ತಪಾಸಣೆ ಮಾಡಿಸಿ.

ಪ್ರಶ್ನೆ: ಮಗ ದ್ವಿತೀಯ ಪಿಯು ಸೈನ್ಸ್ ಮುಗಿಸಿದ. ಎಂಜಿನಿಯರಿಂಗ್ ಬೇಡವಂತೆ. ಒಂದು ತಿಂಗಳು ಫೋಟೊಗ್ರಫಿ ಅಂದ, ಈಗ ಕಾನೂನು ಅನ್ನುತ್ತಿದ್ದಾನೆ. ಸುಮ್ಮನೆ ಸೀಟು ತೆಗೆಸಿ ಸೇರಿಸಿಬಿಡಲೇ?

ಉತ್ತರ: ಮೊದಲು ಒಂದು ವ್ಯತ್ಯಾಸ ಗಮನಿಸಿ. ಎರಿಕ್ಸನ್ ಹಂತಗಳಲ್ಲಿ ಹರೆಯದ ಕೆಲಸ ‘ನಾನು ಯಾರು’ ಎಂದು ಕಂಡುಕೊಳ್ಳುವುದು. ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ 1966ರಲ್ಲಿ ಇದನ್ನು ನಾಲ್ಕು ಸ್ಥಿತಿಗಳಾಗಿ ಬಿಡಿಸಿದರು: ಹುಡುಕಿ ನೆಲೆ ನಿಂತವರು, ಇನ್ನೂ ಹುಡುಕುತ್ತಿರುವವರು, ಹುಡುಕದೆ ಹಿರಿಯರ ಆಯ್ಕೆಗೆ ಒಪ್ಪಿಕೊಂಡವರು, ಹುಡುಕಾಟವೂ ಇಲ್ಲದೆ ನೆಲೆಯೂ ಇಲ್ಲದವರು. ನೀವು ಬಲವಂತವಾಗಿ ಸೇರಿಸಿದರೆ ಅವನು ಮೂರನೆಯ ಗುಂಪಿಗೆ ಹೋಗುತ್ತಾನೆ. ಈಗ ಶಾಂತವಾಗಿ ಕಂಡರೂ, ಕೆಲಸಕ್ಕೆ ಸೇರಿದ ಮೇಲೆ ಅದೇ ಪ್ರಶ್ನೆ ಮತ್ತೆ ಎದ್ದು ಕೂರಬಹುದು.

ಅವನು ಎರಡನೆಯ ಗುಂಪಿನವನೋ, ನಾಲ್ಕನೆಯ ಗುಂಪಿನವನೋ ತಿಳಿಯಲು ‘ಏನಾಗಬೇಕು ಅಂತಿದ್ದೀಯ?’ ಎನ್ನುವ ಬದಲು ‘ಈ ತಿಂಗಳು ಏನೇನು ಮಾಡಿ ನೋಡಿದೆ?’ ಎಂದು ಕೇಳಿ. ವಕೀಲರೊಬ್ಬರ ಜೊತೆ ವಾರವಿಡೀ ಕೋರ್ಟಿಗೆ ಹೋಗಿ ಕೂತು ಬರಲಿ, ಎರಡು ಕಾನೂನು ಕಾಲೇಜಿನ ವಿದ್ಯಾರ್ಥಿಗಳನ್ನು ಮಾತಾಡಿಸಲಿ. ಅರ್ಜಿಯ ಕೊನೆಯ ದಿನಾಂಕಗಳನ್ನು ಅವನೇ ಬರೆದಿಡಲಿ. ಖರ್ಚಿನ ಮಿತಿ, ನಿರ್ಧಾರದ ದಿನ ನೀವು ಹೇಳಿ. ಆಯ್ಕೆ ಅವನದಿರಲಿ.

ನಿಮಗೆ ಗೊತ್ತಿದ್ದರೆ ಒಳ್ಳೆಯದು: ಎರಿಕ್ಸನ್ ಸ್ವತಃ ಹರೆಯದಲ್ಲಿ ಚಿತ್ರಕಾರನಾಗಿ ಯೂರೋಪು ಸುತ್ತಿದವರು. 25ರ ವಯಸ್ಸಿನಲ್ಲಿ, 1927ರಲ್ಲಿ, ವಿಯೆನ್ನಾದ ಪುಟ್ಟ ಶಾಲೆಯೊಂದರಲ್ಲಿ ಪಾಠ ಹೇಳಲು ಹೋದಾಗಲಷ್ಟೇ ಅವರಿಗೆ ತಮ್ಮ ದಾರಿ ಸಿಕ್ಕಿತು. ವಿಶ್ವವಿದ್ಯಾಲಯದ ಪದವಿಯನ್ನು ಅವರು ಪಡೆಯಲೇ ಇಲ್ಲ.

ಆದರೆ ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಏರುಪೇರಾಗಿದ್ದರೆ, ಗೆಳೆಯರನ್ನೂ ಬಿಟ್ಟಿದ್ದರೆ, ಸಾಯುವ ಮಾತು ಬಂದರೆ ಅದನ್ನು ಹುಡುಕಾಟವೆಂದು ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನಗೆ 52. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಯಾರಿಗೂ ಬೇಡವಾದೆ ಅನ್ನಿಸುತ್ತಿದೆ.

ಉತ್ತರ: ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ನಿಲ್ಲುವ ಕಾಲದ ನಿದ್ದೆಗೇಡಿನಿಂದಲೂ ಮನಸ್ಸು ಹೀಗೆ ಕುಸಿಯುತ್ತದೆ. ಎರಿಕ್ಸನ್ ಹೇಳುವ ನಡುವಯಸ್ಸಿನ ಹಂತದಲ್ಲಿ ಮುಂದಿನ ತಲೆಮಾರಿಗೆ ಏನಾದರೂ ದಾಟಿಸಬೇಕೆಂಬ ಹಂಬಲ ಇರುತ್ತದೆ, ಅದಕ್ಕೆ ದಾರಿ ಸಿಗದಿದ್ದರೆ ಜಡತೆ ಕವಿಯುತ್ತದೆ. ಆ ಹಂಬಲವನ್ನೆಲ್ಲ ದೊಡ್ಡ ಮಕ್ಕಳ ಮೇಲೇ ಸುರಿದು ದಿನಕ್ಕೆ ನಾಲ್ಕು ಸಲ ‘ಊಟ ಆಯ್ತಾ’ ಎಂದು ಫೋನ್ ಮಾಡಿದರೆ ಅವರು ಕರೆ ಎತ್ತುವುದನ್ನು ಕಡಿಮೆ ಮಾಡುತ್ತಾರೆ, ನಿಮ್ಮ ನೋವು ಹೆಚ್ಚುತ್ತದೆ.

ದಾಟಿಸಲು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರೇ ಬೇಕಿಲ್ಲ. ಹೊಲಿಗೆಯೋ, ಗಣಿತವೋ, ಹಾಡೋ, ನಿಮಗೆ ಚೆನ್ನಾಗಿ ಬರುವ ಒಂದನ್ನು ಆರಿಸಿ, ವಾರದಲ್ಲಿ ಎರಡು ದಿನ, ಗೊತ್ತಾದ ಹೊತ್ತಿಗೆ, ಮೂರು–ನಾಲ್ಕು ಮಕ್ಕಳಿಗೆ ಕಲಿಸಿ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನೋ ಗ್ರಾಮ ಪಂಚಾಯಿತಿ ಗ್ರಂಥಾಲಯದವರನ್ನೋ ಈ ವಾರವೇ ಕೇಳಿ ನೋಡಿ. ಇನ್ನು ಮಕ್ಕಳ ಜೊತೆ ಮಾತು, ಅವರಿಗೆ ಬಿಡುವಿರುವ ಭಾನುವಾರ ಬೆಳಿಗ್ಗೆ, ನಿಧಾನವಾಗಿ.