ವಿದ್ಯುತ್ ಹೋಗಿ ಲಸಿಕೆಯ ಫ್ರಿಜ್ ರಾತ್ರಿಯಿಡೀ 14 ಡಿಗ್ರಿಯಲ್ಲಿತ್ತು. ಎಲ್ಲವನ್ನೂ ಎಸೆಯಬೇಕೇ? ಮುಂದೆ ಯಾವ ಲಾಗರ್ (ತಾಪಮಾನವನ್ನು ತಾನೇ ದಾಖಲಿಸುವ ಸಾಧನ) ಕೊಳ್ಳಬೇಕು?

ನಿಮ್ಮ ಪ್ರಶ್ನೆಯಲ್ಲಿರುವ ಈ ಗಾಬರಿ ನನಗೆ ಹೊಸದಲ್ಲ. ಒಂದು ವಿತರಣಾ ಕೇಂದ್ರದ ಲಸಿಕೆ ದಾಸ್ತಾನು ನನ್ನ ಸುಪರ್ದಿಯಲ್ಲಿದ್ದಾಗ ನಾನೂ ಲಸಿಕೆ ಇಡಬೇಕಾದ 2ರಿಂದ 8 ಡಿಗ್ರಿ ಸೆಲ್ಸಿಯಸ್ ಎಂಬ ಗೆರೆಯೊಂದನ್ನೇ ನಂಬಿಕೊಂಡಿದ್ದೆ. ದಿನಕ್ಕೆರಡು ಬಾರಿ ತಾಪಮಾನ ಬರೆದಿಡುತ್ತಿದ್ದೆವು, ಲಾಗರ್ ಇತ್ತು, ಅಲಾರಂ ಇತ್ತು. ಆದರೂ ಬಾಯಿಗೆ ಹಾಕುವ ಪೋಲಿಯೊ ಲಸಿಕೆಯ ದೊಡ್ಡದೊಂದು ದಾಸ್ತಾನನ್ನು ನಾಶಪಡಿಸಬೇಕಾಯಿತು. ಆ ಅವಧಿಯಲ್ಲಿ ನಮ್ಮ ಫ್ರಿಜ್ ಒಮ್ಮೆಯೂ 8 ಡಿಗ್ರಿ ದಾಟಿರಲಿಲ್ಲ.

ಶಿಬಿರಗಳಿಗೆ ಹೋಗಿ, ತೆರೆಯದೆಯೇ ಮರಳಿ ಬಂದ ಸೀಸೆಗಳನ್ನು ಅದೇ ಬ್ಯಾಚಿನ ಪೆಟ್ಟಿಗೆಗೆ ವಾಪಸು ಸೇರಿಸುತ್ತಿದ್ದೆವು. ಬ್ಯಾಚ್ ಒಂದೇ, ಅವಧಿ ಮುಗಿಯುವ ದಿನಾಂಕವೂ ಒಂದೇ, ಹಾಗಿರುವಾಗ ಬೇರೆ ಇಡುವುದೇಕೆ ಎಂಬುದು ನನ್ನ ವಾದವಾಗಿತ್ತು. ಪರಿಶೀಲನೆಗೆ ಪೆಟ್ಟಿಗೆಯ ಮೇಲ್ಭಾಗದಿಂದ ಒಂದು ಸೀಸೆಯನ್ನು ತೆಗೆದು, ಅದರ ವಿವಿಎಂ, ಎಂದರೆ ಶಾಖವನ್ನು ಲೆಕ್ಕವಿಡುವ ಗುರುತನ್ನು ನೋಡಿ, ಇಡೀ ಪೆಟ್ಟಿಗೆ ಸರಿಯಿದೆ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಡವಿದ್ದು ಇಲ್ಲಿಯೇ. ವೃತ್ತದೊಳಗೆ ಚೌಕವಿರುವ ಆ ಗುರುತಿನಲ್ಲಿ ಚೌಕ ಆರಂಭದಲ್ಲಿ ತಿಳಿಯಾಗಿದ್ದು, ಶಾಖ ತಗುಲಿದಷ್ಟೂ ಕಪ್ಪಾಗುತ್ತಾ ಹೋಗುತ್ತದೆ. ವೃತ್ತದಷ್ಟೇ ಗಾಢವಾಯಿತೆಂದರೆ ಆ ಸೀಸೆಯನ್ನು ಬಳಸುವಂತಿಲ್ಲ. ಮತ್ತೆ ತಂಪಿನಲ್ಲಿಟ್ಟರೆ ಬಣ್ಣ ಏರುವ ವೇಗ ಕುಗ್ಗುತ್ತದೆಯೇ ಹೊರತು ಏರಿದ ಬಣ್ಣ ಇಳಿಯುವುದಿಲ್ಲ. ಶಿಬಿರಕ್ಕೆ ಹಲವು ಬಾರಿ ಹೋಗಿ ಬಂದ ಸೀಸೆಗಳು ಪ್ರತಿ ಸಲವೂ ಒಂದಿಷ್ಟು ಶಾಖವನ್ನು ಕೂಡಿಸಿಕೊಂಡು ಪೆಟ್ಟಿಗೆಯ ಅಡಿಯಲ್ಲಿ ಉಳಿಯುತ್ತಿದ್ದವು, ಮೇಲಿದ್ದ ತಾಜಾ ಸೀಸೆಗಳನ್ನು ನಾವು ಮೊದಲು ಕಳುಹಿಸಿಬಿಡುತ್ತಿದ್ದೆವು. ಹೀಗೆ ಯಾವುದು ಮೊದಲು ಖರ್ಚಾಗಬೇಕಿತ್ತೋ ಅದನ್ನೇ ಕೂಡಿಟ್ಟು, ಕೊನೆಗೆ ಪೆಟ್ಟಿಗೆ ಬರಿದಾಗುವ ಹೊತ್ತಿಗೆ ಉಳಿದವುಗಳಲ್ಲಿ ಬಹುಪಾಲು ಮಿತಿ ದಾಟಿದ್ದವು. ವಿವಿಎಂ ಹೆಚ್ಚು ಗಾಢವಾಗಿರುವ, ಆದರೆ ಇನ್ನೂ ಬಳಸಬಹುದಾದ ಸೀಸೆ ಮೊದಲು ಹೊರಡಬೇಕು. ಅವಧಿಯ ದಿನಾಂಕವನ್ನು ನೋಡುವುದು ಅದರ ನಂತರ. ಈ ನಿಯಮ ನನಗೆ ಗೊತ್ತಿತ್ತು, ಆದರೆ ಒಂದು ಸೀಸೆಯನ್ನು ನೋಡಿ ಪೆಟ್ಟಿಗೆಗೆಲ್ಲ ಪ್ರಮಾಣಪತ್ರ ಕೊಡುವವನಿಗೆ ಅದನ್ನು ಪಾಲಿಸುವ ದಾರಿಯೇ ಇರಲಿಲ್ಲ.

ಆದ್ದರಿಂದ ಯಾವ ಲಾಗರ್ ಎಂಬುದು ನನ್ನ ದೃಷ್ಟಿಯಲ್ಲಿ ಎರಡನೆಯ ಪ್ರಶ್ನೆ. ಫ್ರಿಜ್ಜಿನಲ್ಲಿಟ್ಟ ಲಾಗರ್ ಫ್ರಿಜ್ಜಿನ ಕಥೆಯನ್ನು ಹೇಳುತ್ತದೆ. ಸೀಸೆ ಬರುವ ಮೊದಲು ಲಾರಿಯಲ್ಲಿ ಏನಾಯಿತು, ಲಸಿಕೆ ಒಯ್ಯುವ ತಂಪು ಪೆಟ್ಟಿಗೆಯಾದ ಕ್ಯಾರಿಯರ್‌ನಲ್ಲಿ ಏನಾಯಿತು ಎಂಬುದು ಅದಕ್ಕೆ ತಿಳಿಯದು. 30 ದಿನಗಳ ದಾಖಲೆ ಇಡುವ, 8 ಡಿಗ್ರಿಯ ಮೇಲೆ ಸತತ 10 ಗಂಟೆ ಅಥವಾ ಮೈನಸ್ 0.5 ಡಿಗ್ರಿ ಅಥವಾ ಅದಕ್ಕೂ ಕೆಳಗೆ 60 ನಿಮಿಷ ಕಳೆದರೆ ಎಚ್ಚರಿಸುವ ಸಾಮಾನ್ಯ ಸಾಧನ ಸಾಕು. ಅದರ ಅಲಾರಂ ಪರಿಶೀಲಿಸಿ ಎನ್ನುತ್ತದೆ, ಎಸೆಯಿರಿ ಎನ್ನುವುದಿಲ್ಲ.

8 ಡಿಗ್ರಿ ದಾಟಿದ ಕ್ಷಣವೇ ಲಸಿಕೆ ಸತ್ತಿತು ಎಂಬ ನಿಮ್ಮ ಊಹೆಯನ್ನೂ ನಾನು ಒಪ್ಪಲಾರೆ. 1996ರಲ್ಲಿ ಪೋಲಿಯೊ ಲಸಿಕೆಯ ಮೇಲೆ ಮೊದಲು ಬಂದ ವಿವಿಎಂಗೆ ಇಂದು ಹಲವು ಬಗೆಗಳಿವೆ, ಏಕೆಂದರೆ ಎಲ್ಲ ಲಸಿಕೆಗಳೂ ಶಾಖವನ್ನು ಒಂದೇ ಸಮನೆ ತಾಳುವುದಿಲ್ಲ. 37 ಡಿಗ್ರಿಯಲ್ಲಿ ವಿವಿಎಂ 2 ಎರಡು ದಿನಗಳಲ್ಲಿ ಮಿತಿ ಮುಟ್ಟಿದರೆ ವಿವಿಎಂ 30 ಮೂವತ್ತು ದಿನ ತೆಗೆದುಕೊಳ್ಳುತ್ತದೆ. ವಿವಿಎಂ 7 ಎಂಬುದು 37 ಡಿಗ್ರಿಯಲ್ಲಿ 7 ದಿನ, 25 ಡಿಗ್ರಿಯಲ್ಲಿ 45 ದಿನ, 5 ಡಿಗ್ರಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಇದರ ಮುಂದೆ 14 ಡಿಗ್ರಿಯ ಒಂದು ರಾತ್ರಿ ಎಷ್ಟರದು ಎಂಬುದನ್ನು ನೀವೇ ಅಂದಾಜು ಮಾಡಬಹುದು.

ನನಗೆ ಹೆಚ್ಚು ಭಯವಿರುವುದು ಈ ರಾತ್ರಿಯ ಬಳಿಕ ನೀವು ಥರ್ಮೋಸ್ಟಾಟ್ ಅನ್ನು ತೀರಾ ಕೆಳಕ್ಕೆ ತಿರುಗಿಸುವಿರಿ ಎಂಬುದರ ಬಗ್ಗೆ. ಅಲ್ಯೂಮಿನಿಯಂ ಲವಣವಿರುವ ಹೆಪಟೈಟಿಸ್ ಬಿ, ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), ಟೆಟನಸ್ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಡುತ್ತವೆ, ಮತ್ತು ವಿವಿಎಂ ಅದನ್ನು ತೋರಿಸುವುದೇ ಇಲ್ಲ.

ಈಗ ಮಾಡಬೇಕಾದದ್ದು: ಯಾವುದನ್ನೂ ಎಸೆಯದೆ, ಕೊಡದೆ, ಎಲ್ಲವನ್ನೂ 2ರಿಂದ 8 ಡಿಗ್ರಿಯಲ್ಲಿ ಪ್ರತ್ಯೇಕವಾಗಿಟ್ಟು "ಬಳಸಬೇಡಿ" ಎಂಬ ಚೀಟಿ ಅಂಟಿಸಿ. ಲಾಗರ್ ಇಲ್ಲದಿದ್ದರೆ ವಿದ್ಯುತ್ ಹೋದ ಮತ್ತು ಬಂದ ಸಮಯವನ್ನಾದರೂ ಬರೆದಿಡಿ. ಆಮೇಲೆ ಪ್ರತಿಯೊಂದು ಸೀಸೆಯ ಗುರುತನ್ನೂ ಬೆಳಕಿನಲ್ಲಿ ಹಿಡಿದು ನೋಡಿ, ಮಿತಿ ಮುಟ್ಟಿದ್ದನ್ನು ತೆಗೆದುಹಾಕಿ, ಉಳಿದವುಗಳನ್ನು ಗಾಢತೆಯ ಕ್ರಮದಲ್ಲಿ ಜೋಡಿಸಿ, ನಿಮಗೆ ಲಸಿಕೆ ಪೂರೈಸುವವರ ಒಪ್ಪಿಗೆ ಬಂದ ಮೇಲಷ್ಟೇ ಬಳಕೆಗೆ ಬಿಡಿ. ವಿವಿಎಂ ಇಲ್ಲದ ಲಸಿಕೆಗಳಿಗೆ ಮಾತ್ರ ತಾಪಮಾನದ ದಾಖಲೆಯೇ ಏಕೈಕ ಸಾಕ್ಷಿ. ಅದನ್ನು ತಯಾರಕರಿಗೆ ಕಳುಹಿಸಿ ಲಿಖಿತ ಉತ್ತರವನ್ನು ಪಡೆಯಿರಿ.