ಮಳೆಗಾಲದಲ್ಲೂ ಹೊರಗೇ ಇಡುವ ಆಕಾಶದ ಟೈಮ್‌ಲ್ಯಾಪ್ಸ್ ಕ್ಯಾಮೆರಾಗೆ ಯಾವ ಸಿಲಿಕೋನ್ ಒಳ್ಳೆಯದು?

ಸಕಲೇಶಪುರದ ಮಳೆಗೆ ಒಂದು ಹನಿಯೂ ಒಳಗೆ ಹೋಗದ ಡಬ್ಬಿ ಬೇಕು, ಅದಕ್ಕೆ ಯಾವ ಸಿಲಿಕೋನ್ ಹಾಕಲಿ, ಇಲ್ಲದಿದ್ದರೆ ಹಳೇ ಸಿಸಿಟಿವಿಯೇ ಸಾಕಾ ಅಂತ ಕೇಳಿದ್ದೀರಿ. 2024ರ ಮಳೆಗಾಲದಲ್ಲಿ ನಾನು ಹುಡುಕುತ್ತಿದ್ದದ್ದೂ ಇದನ್ನೇ. ನಮ್ಮದು ಶೃಂಗೇರಿ ಕಡೆ. ಆಗುಂಬೆಯ ಮಳೆ ನಮ್ಮಲ್ಲಿಗೂ ಬರುತ್ತದೆ. ಹಾಗಾಗಿ ನನ್ನ ತಲೆಯಲ್ಲೂ ಒಂದೇ ಯೋಚನೆ ಇತ್ತು: ನೀರು ಹೋಗಬಾರದು, ಅಷ್ಟೇ.

ಆ ವರ್ಷ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು, ನೆನಪಿದೆಯಾ? ಸೂರ್ಯನ ಬಿರುಗಾಳಿಯಿಂದ ಬಂದ ಆ ಬೆಳಕನ್ನು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ಅಲ್ಲಿಟ್ಟಿದ್ದ, ಇಡೀ ಆಕಾಶವನ್ನು ಒಟ್ಟಿಗೇ ನೋಡುವ ಆಲ್‌ಸ್ಕೈ ಕ್ಯಾಮೆರಾಗಳು ಹಿಡಿದಿದ್ದವು. ರಾತ್ರಿಯಿಡೀ ಆಕಾಶ ನೋಡುತ್ತಾ ಕೂರುವ ಕ್ಯಾಮೆರಾ ಒಂದು ನನ್ನ ಮನೆಯಲ್ಲೂ ಇರಬೇಕು ಅನ್ನಿಸಿದ್ದು ಆ ಚಿತ್ರ ನೋಡಿ. ಅದರ ಮೇಲೆ, ಸೆಪ್ಟೆಂಬರ್ ಕೊನೆಗೆ ಧೂಮಕೇತು ಬರುವುದಿತ್ತು. ಚುಚಿನ್‌ಶಾನ್–ಅಟ್ಲಾಸ್, ಸಿ/2023 ಎ3. ಬೆಳಗಿನ ಜಾವ ಪೂರ್ವದಲ್ಲಿ ಕಾಣುತ್ತದೆ ಅಂತ ಗೊತ್ತಿತ್ತು. ಅಡಿಕೆ ತೋಟದ ಮೇಲಿಂದ ಅದು ಏರಿ ಬರುವುದನ್ನು ಟೈಮ್‌ಲ್ಯಾಪ್ಸ್ (ಬಿಡಿ ಚಿತ್ರಗಳನ್ನು ಸೇರಿಸಿ ವೇಗವಾಗಿ ಓಡಿಸುವ ವಿಡಿಯೋ) ಮಾಡಬೇಕು ಅಂತ ಆಸೆ ಪಟ್ಟೆ.

ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಷ್ಟರ ಕಂಪ್ಯೂಟರ್, ಅದಕ್ಕೆ ಹಾಕುವ ಎಚ್‌ಕ್ಯೂ ಕ್ಯಾಮೆರಾ, 6 ಮಿಲಿಮೀಟರ್ ಲೆನ್ಸ್. ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಐಪಿ65 (ಧೂಳು, ನೀರಿನ ಎರಚಲು ತಡೆಯುವ ದರ್ಜೆ) ಜಂಕ್ಷನ್ ಬಾಕ್ಸ್. ಮುಂದೆ ತೂತು ಕೊರೆದು, ಕಿಟಕಿ ಗಾಜಿನ ಬದಲು 58 ಮಿಲಿಮೀಟರಿನ ಕ್ಯಾಮೆರಾ ಯುವಿ ಫಿಲ್ಟರ್ ಕೂರಿಸಿದೆ. ಇಷ್ಟೂ ಸರಿಯಾಗಿಯೇ ಇತ್ತು, ಇವತ್ತಿಗೂ ಹೀಗೇ ಮಾಡುತ್ತೇನೆ. ಫಿಲ್ಟರ್ ಗಾಜು ಚಪ್ಪಟೆ, ಚಿತ್ರ ಕೆಡಿಸುವುದಿಲ್ಲ, ಗೀರು ಬಿದ್ದರೆ ಇನ್ನೊಂದು ತರಬಹುದು. ಇಡೀ ಆಕಾಶ ಬೇಕು, ಫಿಶ್‌ಐ ಲೆನ್ಸ್ ಹಾಕುತ್ತೇನೆ ಅಂದರೆ ಮಾತ್ರ ಡೋಮ್ ಬೇಕು. ಆಗ ಅಕ್ರಿಲಿಕ್ ಡೋಮ್ ತೆಗೆದುಕೊಳ್ಳಿ. ಸಾದಾ ಪಾಲಿಕಾರ್ಬೊನೇಟ್ ನಮ್ಮ ಬಿಸಿಲಿಗೆ ಬೇಗ ಹಳದಿಯಾಗುತ್ತದೆ.

ಈಗ ನಾನು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆ ಓದಿದರೆ ನೀವೂ ಅಲ್ಲಿಗೇ ಹೊರಟ ಹಾಗಿದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕೋನ್ ಅಂತ ಕೇಳಿದೆ, ಒಂದು ಟ್ಯೂಬ್ ಕೊಟ್ಟರು. ಬಚ್ಚಲು, ಕಿಟಕಿ, ಅಕ್ವೇರಿಯಂ ಎಲ್ಲಕ್ಕೂ ಹಾಕುವಂಥದ್ದು. ಹಿಂಡಿದ ತಕ್ಷಣ ವಿನೆಗರ್ ವಾಸನೆ ಬಂತು. ಅದು ಅಸಿಟಿಕ್ ಆಮ್ಲದ ವಾಸನೆ. ಈ ಜಾತಿಯ ಸಿಲಿಕೋನ್ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಆಗುವಾಗ ಈ ಆಮ್ಲವನ್ನು ಹೊರಗೆ ಬಿಡುತ್ತದೆ. ಮೇಲ್ಪದರ ಅರ್ಧ ಗಂಟೆಯಲ್ಲಿ ಒಣಗಿದಂತೆ ಕಂಡರೂ ಒಳಗೆ ದಿನಕ್ಕೆ ಎರಡು ಮೂರು ಮಿಲಿಮೀಟರ್ ಲೆಕ್ಕದಲ್ಲಿ ಮಾತ್ರ ಗಟ್ಟಿಯಾಗುವುದು. ದಪ್ಪ ಬಳಿದರೆ ದಿನಗಟ್ಟಲೆ ಆಮ್ಲ ಬಿಡುತ್ತಲೇ ಇರುತ್ತದೆ. ನಾನು ದಪ್ಪಗೇ ಬಳಿದಿದ್ದೆ. ಫಿಲ್ಟರ್ ಸುತ್ತ ಒಳಗಿನಿಂದಲೂ, ಹೊರಗಿನಿಂದಲೂ. ವೈರ್ ಒಳಗೆ ಬರುವ ತೂತಿನಲ್ಲಿ ವೈರನ್ನು ಬಿಗಿಯಾಗಿ ಹಿಡಿಯುವ ಗ್ಲ್ಯಾಂಡ್ ಸುತ್ತ. ಕ್ಯಾಮೆರಾದ ರಿಬ್ಬನ್ ವೈರ್ ಅಲ್ಲಾಡಬಾರದು ಅಂತ ಅದಕ್ಕೂ ಒಂದು ಚಿಟಿಕೆ. ಸಂಜೆ ಮಳೆ ಕಟ್ಟಿಕೊಂಡು ಬರುತ್ತಿತ್ತು. ಹೊರಗಡೆ ಅಂಗಳದಲ್ಲೇ ಮುಚ್ಚಳ ಹಾಕಿ, ಮುಚ್ಚಳದ ಸುತ್ತಲೂ ಸಿಲಿಕೋನ್ ಎಳೆದು, ಅವತ್ತೇ ಕಂಬಕ್ಕೆ ಕಟ್ಟಿಬಿಟ್ಟೆ.

ಅಂದರೆ ಆ ಡಬ್ಬಿಯೊಳಗೆ ನಾನು ಕೂಡಿಹಾಕಿದ್ದು ಬರೀ ಕ್ಯಾಮೆರಾವನ್ನಲ್ಲ. ಮಲೆನಾಡಿನ ಸೆಪ್ಟೆಂಬರ್ ಸಂಜೆಯ ಒದ್ದೆ ಗಾಳಿಯನ್ನೂ ಕೂಡಿಹಾಕಿದೆ, ಆಮ್ಲವನ್ನೂ ಕೂಡಿಹಾಕಿದೆ. ಎರಡಕ್ಕೂ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಉಳಿದದ್ದು ಎಲ್ಲಿಗೆ ಹೋಗಬೇಕು? ಡಬ್ಬಿಯೊಳಗೆ ಎಲ್ಲಕ್ಕಿಂತ ತಣ್ಣಗಿರುವ ಜಾಗಕ್ಕೆ, ಅಂದರೆ ಗಾಜಿಗೆ. ಎರಡು ಲೀಟರಿನ ಡಬ್ಬಿಯಲ್ಲಿ ಅದು ಒಂದು ಹನಿಗಿಂತಲೂ ಕಡಿಮೆ. ಗಾಜು ಮಸುಕಾಗಲು ಅಷ್ಟೇ ಧಾರಾಳ.

ಧೂಮಕೇತು ಬಂತು. ಬೆಂಗಳೂರಿನವರು ತಾರಸಿ ಮೇಲೆ ನಿಂತು ಬೆಳಗಿನ ಜಾವ ತೆಗೆದ ಫೋಟೋಗಳು ಎಲ್ಲಾ ಕಡೆ ಹರಿದಾಡುತ್ತಿದ್ದವು. ನಮ್ಮಲ್ಲೂ ಮಧ್ಯೆ ಮಧ್ಯೆ ಮೋಡ ಹರಿದು ಪೂರ್ವ ತೊಳೆದಿಟ್ಟ ಹಾಗಿತ್ತು. ನನ್ನ ಕ್ಯಾಮೆರಾದಿಂದ ಬಂದದ್ದು ಬರೀ ಬಿಳಿ. ಆಮೇಲೆ ಅದೂ ನಿಂತಿತು. ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಅದೇ ವಿನೆಗರ್ ವಾಸನೆ. ಗಾಜಿನ ಒಳಮೈ ಪೂರ್ತಿ ಸಣ್ಣ ಸಣ್ಣ ಹನಿ. ವೋಲ್ಟೇಜ್ ಇಳಿಸುವ ಬೋರ್ಡಿನ ಸ್ಕ್ರೂ ಹತ್ತಿರ, ವೈರಿನ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ತೊಳೆಯದೆ ಬಿಟ್ಟ ದೇವರಮನೆ ತಂಬಿಗೆಯ ತಳದಲ್ಲಿ ಇರುತ್ತದಲ್ಲ, ಅದೇ ಬಣ್ಣ. ರಿಬ್ಬನ್ ಕೂರುವ ಕನೆಕ್ಟರಿನ ತುದಿಗಳೂ ಹಾಗೇ ಆಗಿದ್ದವು. ಕ್ಯಾಮೆರಾ ಬೋರ್ಡ್ ಮತ್ತೆ ಏಳಲಿಲ್ಲ. ಅಕ್ಟೋಬರ್ 12ರ ನಂತರ ಧೂಮಕೇತು ಸಂಜೆ ಪಶ್ಚಿಮಕ್ಕೆ ಬಂತಲ್ಲ, ಆಗ ನನ್ನ ಬಳಿ ಕ್ಯಾಮೆರಾವೇ ಇರಲಿಲ್ಲ. ಮಳೆಯ ಒಂದು ಹನಿಯೂ ಆ ಡಬ್ಬಿಯೊಳಗೆ ಹೋಗಿರಲಿಲ್ಲ. ಅದನ್ನು ಕೊಂದದ್ದು ನನ್ನ ಸೀಲ್.

ಹಾಗಾಗಿ ಯಾವ ಸಿಲಿಕೋನ್ ಅನ್ನುವುದಕ್ಕೆ ಉತ್ತರ ಒಂದೇ ಸಾಲು: ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರಬೇಕು, ಹಿಂಡಿದರೆ ವಿನೆಗರ್ ವಾಸನೆ ಬರಬಾರದು, ಹಚ್ಚಿದ ಮೇಲೆ ಡಬ್ಬಿ ಕೆಲವು ದಿನ ತೆರೆದೇ ಇರಬೇಕು. ಆದರೆ ಪೂರ್ತಿ ಸೀಲ್ ಮಾಡಬೇಕು ಅನ್ನುವ ಯೋಚನೆಯನ್ನೇ ಬಿಡಿ.

ಯಾಕೆ ಅಂದರೆ, ಹೊರಗಿರುವ ಡಬ್ಬಿ ಉಸಿರಾಡುತ್ತದೆ. ಬಿಸಿಲಿಗೆ ಒಳಗಿನ ಗಾಳಿ 50 ಡಿಗ್ರಿಗೆ ಏರಿತು ಅಂದುಕೊಳ್ಳಿ. ಹಿಗ್ಗಿದ ಗಾಳಿ ಎಲ್ಲಿಂದಲಾದರೂ ಸ್ವಲ್ಪ ಹೊರಗೆ ನುಸುಳುತ್ತದೆ. ಅಷ್ಟರಲ್ಲಿ ಮಳೆ ಸುರಿದು 25ಕ್ಕೆ ಇಳಿಯಿತು. ಒಳಗಿನ ಒತ್ತಡ ಶೇಕಡ 8ರಷ್ಟು ಬೀಳುತ್ತದೆ. ಕೇಳಲು ಕಡಿಮೆ ಅನ್ನಿಸಬಹುದು. ಅದು 80 ಸೆಂಟಿಮೀಟರ್ ಎತ್ತರದ ನೀರು ಒತ್ತಿದಷ್ಟು ಬಲ. ಆ ಹೊತ್ತಿಗೆ ಗ್ಲ್ಯಾಂಡ್ ಸುತ್ತ, ಮುಚ್ಚಳದ ರಬ್ಬರ್ ಸುತ್ತ ಮಳೆ ನೀರು ನಿಂತಿರುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಡಬ್ಬಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ದಿನಾ ಇದೇ ನಡೆದರೆ ತಳದಲ್ಲಿ ಕೊಳ. ಐಪಿ67 ಡಬ್ಬಿ ತಂದರೂ ಇದು ತಪ್ಪುವುದಿಲ್ಲ. ಆ ಪರೀಕ್ಷೆ ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿಡುವುದು. ವರ್ಷವಿಡೀ ಬಿಸಿಲಿಗೆ ಕಾದು ಮಳೆಗೆ ತಣಿಯುವುದು ಬೇರೆಯೇ ಕಥೆ.

ನನಗೆ ಇದು ಹೊಳೆದದ್ದು ಗ್ಯಾರೇಜಿನಲ್ಲಿ. ಕಾರಿನ ಹೆಡ್‌ಲೈಟ್ ಒಳಗೆ ಮಂಜು ಕಟ್ಟಿತ್ತು, ತೋರಿಸಲು ಹೋಗಿದ್ದೆ. ಮೆಕ್ಯಾನಿಕ್ ಲೈಟಿನ ಹಿಂದೆ ಕೈ ಹಾಕಿ ಕೆಸರು ಮೆತ್ತಿದ್ದ ಸಣ್ಣ ರಬ್ಬರ್ ಕೊಳವೆಯೊಂದನ್ನು ತೋರಿಸಿದ. "ಇದು ಕಟ್ಟಿಕೊಂಡಿದೆ. ಇದು ಮುಚ್ಚಿದ್ರೆ ಒಳಗೆ ಬೆವರ್ತದೆ ಮಾರಾಯ್ರೆ" ಅಂದ. ಸ್ವಚ್ಛ ಮಾಡಿದ, ಎರಡು ದಿನದಲ್ಲಿ ಮಂಜು ಹೋಯಿತು. ಕಾರು ಮಾಡುವವರೇ ಬೇಕಂತಲೇ ಗಾಳಿಗೆ ದಾರಿ ಬಿಟ್ಟಿರುತ್ತಾರೆ!

ಈಗಿನ ನನ್ನ ಡಬ್ಬಿಯ ತಳದಲ್ಲಿ ಒಂದು ವೆಂಟ್ ಪ್ಲಗ್ ಇದೆ. ಒಳಗಿನ ತೆಳು ಪೊರೆ ಗಾಳಿ, ಆವಿ ಎರಡನ್ನೂ ಬಿಡುತ್ತದೆ, ನೀರನ್ನು ಬಿಡುವುದಿಲ್ಲ. ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ತಳದ ಅತಿ ತಗ್ಗಿನ ಮೂಲೆಯಲ್ಲಿ 3 ಮಿಲಿಮೀಟರಿನ ಒಂದು ತೂತು ಕೊರೆದು, ಒಳಗಿನಿಂದ ಸ್ಟೀಲ್ ಜಾಲರಿ ಅಂಟಿಸಿ. ಜಾಲರಿ ಮರೆಯಬೇಡಿ. ಬೆಚ್ಚಗಿನ ಡಬ್ಬಿ ಅಂದರೆ ಇರುವೆಗಳಿಗೆ ಬಲು ಇಷ್ಟ, ಮಣ್ಣಿನ ಗೂಡು ಕಟ್ಟುವ ಕಣಜದ ಹುಳಕ್ಕೂ. ವೈರ್ ಕೂಡ ತಳದಿಂದಲೇ ಒಳಗೆ ಬರಲಿ. ಬರುವ ಮುಂಚೆ ಡಬ್ಬಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಲಿ, ಆಗ ವೈರ್ ಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಮೇಲೆ ನಾಲ್ಕು ಬೆರಳು ಅಂತರ ಬಿಟ್ಟು ಒಂದು ತಗಡು ಹೊದಿಸಿ. ಮಳೆ ನೇರ ಬಡಿಯುವುದು ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ. 80 ಡಿಗ್ರಿ ಮುಟ್ಟಿದರೆ ಪೈ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಬೇಸಿಗೆಯಲ್ಲಿ ತಗಡಿಲ್ಲದೆ ಅಷ್ಟು ಏರುವುದು ಕಷ್ಟವೇನಲ್ಲ.

ಇನ್ನೊಂದು ಮಾತು. ನೀವು ಮಳೆಗೆ ಹೆದರುತ್ತಿದ್ದೀರಿ. ನಕ್ಷತ್ರದ ಚಿತ್ರಕ್ಕೆ ನಮ್ಮ ಕಡೆ ನಿಜವಾದ ಶತ್ರು ಇಬ್ಬನಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೂ ನಕ್ಷತ್ರ ಕಾಣುವುದು ಅಪರೂಪ, ಮೋಡ ಹಿಡಿಯುವ ಕಾಲ ಅದು. ಮೋಡದ ಟೈಮ್‌ಲ್ಯಾಪ್ಸ್ ಬಹಳ ಚೆನ್ನಾಗಿರುತ್ತದೆ, ಅದನ್ನು ಬಿಡಬೇಡಿ. ನಕ್ಷತ್ರಗಳ ರಾತ್ರಿಗಳು ಸಿಗುವುದು ಡಿಸೆಂಬರ್‌ನಿಂದ. ಆಕಾಶ ತಿಳಿಯಾದಷ್ಟೂ ಮೇಲ್ಮುಖವಾಗಿರುವ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಡುರಾತ್ರಿ ದಾಟುವುದರೊಳಗೆ ಗಾಜಿನ ಹೊರಮೈ ಒದ್ದೆ. ಇದಕ್ಕೆ ಯಾವ ಸೀಲೂ ಕೆಲಸಕ್ಕೆ ಬರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಒಣ ಹವೆಯ ಊರಿನವರು ಮಾಡಿದ ಡಬ್ಬಿ ನೋಡಿ ನಕಲು ಮಾಡಿದರೆ ನಮ್ಮಲ್ಲಿ ನಡೆಯುವುದಿಲ್ಲ ಅನ್ನುವುದು ಇದಕ್ಕೇ.

ಗಾಜು ಬೆಚ್ಚಗಿರಬೇಕು, ಬೇರೆ ದಾರಿ ಇಲ್ಲ. 470 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್ ಎಂಟು ತೆಗೆದುಕೊಂಡು ಪ್ಯಾರಲಲ್ ಆಗಿ ಬೆಸುಗೆ ಹಾಕಿ. ಫಿಲ್ಟರಿನ ಲೋಹದ ರಿಂಗಿನ ಸುತ್ತ, ಒಳಗಡೆ ಕೂರಿಸಿ. ಬರಿ ಕಾಲುಗಳು ರಿಂಗಿಗೆ ತಾಗದಂತೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ. 12 ವೋಲ್ಟಿಗೆ ಒಟ್ಟು ಎರಡೂವರೆ ವ್ಯಾಟ್ ಆಗುತ್ತದೆ. ಗಾಜು ಗಾಳಿಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೆ ಸಾಕು, ಕೈಗೆ ಬಿಸಿ ಅನ್ನಿಸಬೇಕಾಗಿಲ್ಲ. ಪೈಯನ್ನೂ ಹಗಲು ರಾತ್ರಿ ಆನ್ ಇಡಿ, ಅದರ ಶಾಖವೂ ಒಳಗನ್ನು ಒಣಗಿಸುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ತಪ್ಪೇನಿಲ್ಲ, ಆದರೆ ನಮ್ಮ ಹವೆಗೆ ಅದು ಬೇಗ ತೇವ ಕುಡಿದು ಸುಮ್ನೆ ಕೂರುತ್ತದೆ. ಅದನ್ನೇ ನಂಬಬೇಡಿ.

ಸಿಸಿಟಿವಿ ವಿಷಯ: ಸಾಮಾನ್ಯ ಸಿಸಿಟಿವಿ ಕ್ಯಾಮೆರಾ ಹತ್ತಿಪ್ಪತ್ತು ಸೆಕೆಂಡಿನ ಎಕ್ಸ್‌ಪೋಷರ್ ಕೊಡುವುದಿಲ್ಲ, ಅಂದರೆ ಒಂದು ಚಿತ್ರಕ್ಕೆ ಅಷ್ಟು ಹೊತ್ತು ಬೆಳಕು ಹಿಡಿಯುವುದಿಲ್ಲ. ಮೋಡಕ್ಕೆ ಆಗಬಹುದು, ನಕ್ಷತ್ರಕ್ಕೆ ಆಗದು. ಎಚ್‌ಕ್ಯೂ ಕ್ಯಾಮೆರಾದಲ್ಲಿ 200 ಸೆಕೆಂಡ್‌ವರೆಗೂ ಇಡಬಹುದು. 6 ಮಿಲಿಮೀಟರ್ ಲೆನ್ಸಿಗೆ 15ರಿಂದ 20 ಸೆಕೆಂಡ್ ಇಟ್ಟರೆ ನಕ್ಷತ್ರ ಗೆರೆಯಾಗುವುದಿಲ್ಲ. ಅರ್ಧ ನಿಮಿಷಕ್ಕೊಂದು ಚಿತ್ರದಂತೆ 10 ಗಂಟೆಗೆ 1200 ಚಿತ್ರ, 25 ಫ್ರೇಮಿನಂತೆ 48 ಸೆಕೆಂಡಿನ ವಿಡಿಯೋ. ಮೋಡಕ್ಕಾದರೆ 10 ಸೆಕೆಂಡಿಗೊಂದು ತೆಗೆಯಿರಿ, ಅದಕ್ಕಿಂತ ನಿಧಾನ ಮಾಡಿದರೆ ಮೋಡ ಕುಪ್ಪಳಿಸಿದಂತೆ ಕಾಣುತ್ತದೆ. ಆಲ್‌ಸ್ಕೈ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಗಲು ರಾತ್ರಿಯ ಎಕ್ಸ್‌ಪೋಷರ್ ತಾನೇ ನೋಡಿಕೊಂಡು ಬೆಳಗ್ಗೆ ವಿಡಿಯೋ ಕಟ್ಟಿಕೊಡುತ್ತದೆ.

ಮನೆಯಿಂದ 5 ವೋಲ್ಟ್ ಕಳಿಸಬೇಡಿ. ಉದ್ದ ವೈರಿನಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ, 4.63ಕ್ಕಿಂತ ಇಳಿದರೆ ಪೈ ಎಚ್ಚರಿಕೆ ಕೊಡಲು ಶುರು ಮಾಡುತ್ತದೆ. 12 ವೋಲ್ಟ್ ಕಳಿಸಿ, ಡಬ್ಬಿಯೊಳಗೆ 5ಕ್ಕೆ ಇಳಿಸಿಕೊಳ್ಳಿ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಎಸ್‌ಡಿ ಕಾರ್ಡ್ ಬಾಳಿಕೆ ಬರುವುದಿಲ್ಲ. ರೌಟರಿಗೆ ಹಾಕುವಂಥ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ, ಆದರೆ ಹೀಟರಿನ ಲೆಕ್ಕವನ್ನೂ ಸೇರಿಸಿಕೊಂಡು ಆರಿಸಿ.

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮಾತ್ರ ಹುಷಾರು. ಡಬ್ಬಿಯನ್ನು ಮನೆಯ ತುತ್ತತುದಿಗೆ ಕಟ್ಟಬೇಡಿ, ಲ್ಯಾನ್ ವೈರ್ ಎಳೆಯಬೇಡಿ, ವೈಫೈ ಸಾಕು. ಗುಡುಗು ಹತ್ತಿರ ಬರುವ ಮೊದಲೇ ಪೈಯನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ, ಮನೆಯೊಳಗಿನ ಕಡೆ ವೈರನ್ನೂ ಬಿಡಿಸಿಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ದೂರ ಹೋದ ಮೇಲೆ ತಡ ಮಾಡದೆ ಮತ್ತೆ ಹಾಕಿ, ಯಾಕೆಂದರೆ ಒಳಗಿನ ಶಾಖ ನಿಂತ ಹೊತ್ತಿನಲ್ಲೇ ಗಾಜಿಗೆ ಮಂಜು ಕೂರುವುದು.