ಅಮೆರಿಕದ ಬಲಪಂಥೀಯರಿಗೆ ಪ್ರಾಣಿಗಳ ಮೇಲೆ ಕಾಳಜಿ ಇಲ್ವಾ?

ನೀವು ಕೇಳಿದ್ದು ಇದು: ಬೇಟೆ ಆಡುವ, ತೋಳ ಅಂದರೆ ಸಿಡಿಮಿಡಿಗೊಳ್ಳುವ ಅಮೆರಿಕದ ಬಲಪಂಥೀಯರಿಗೆ ಪ್ರಾಣಿಗಳ ಮೇಲೆ ನಿಜವಾಗಿ ಕಾಳಜಿ ಇದೆಯಾ?

ಇದೆ. ಪ್ರಾಣಿ ಹಕ್ಕು ಅನ್ನುವವರಿಗೆ ಒಂದೊಂದು ಜೀವವೂ ಮುಖ್ಯ. ಈ ಜಿಂಕೆಯನ್ನು ಕೊಲ್ಲಬಾರದು, ಅಷ್ಟೇ. ಅಮೆರಿಕದ ಬೇಟೆಗಾರನಿಗೆ ಜಿಂಕೆಯ ಸಂತತಿ ಉಳಿಯಬೇಕು, ಅದು ಮೇಯುವ ಕಾಡು ಉಳಿಯಬೇಕು. ಒಂದನ್ನು ಹೊಡೆದು ತಿಂದರೆ ತಪ್ಪಿಲ್ಲ ಅನ್ನುತ್ತಾನೆ. ಹಾಗಾಗಿ ಪ್ರಾಣಿ ಹಕ್ಕಿನವರನ್ನು ಬೈಯುವವನೇ ಕಾಡು ಉಳಿಸಲು ಜೇಬಿಗೆ ಕೈ ಹಾಕುವುದೂ ಉಂಟು.

ಬಾತುಕೋಳಿ ಸ್ಟಾಂಪನ್ನೇ ನೋಡಿ. 1934ರಿಂದ ಇದೆ. ಅಂಚೆ ಕಚೇರಿಯಲ್ಲಿ 25 ಡಾಲರ್‌ಗೆ ಸಿಗುತ್ತದೆ, ಮೇಲೆ ಚೆಂದದ ಬಾತಿನ ಚಿತ್ರ. 16 ವರ್ಷ ದಾಟಿದ ಯಾರೇ ಆಗಲಿ ಇದಿಲ್ಲದೆ ಬಾತು ಹೊಡೆಯುವಂತಿಲ್ಲ. ಬಂದ ದುಡ್ಡಲ್ಲಿ ಡಾಲರ್‌ಗೆ 98 ಸೆಂಟ್ ಜೌಗು ನೆಲ ಉಳಿಸಲು ಹೋಗುತ್ತದೆ. ಕೋವಿಗೂ ಗುಂಡಿಗೂ 1937ರ ಕಾಯ್ದೆಯಡಿ ಬೇರೆ ತೆರಿಗೆ ಇದೆ. ಬಂದೂಕಿಗೆ ಶೇ 11. ಅದು ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಸೇರುತ್ತದೆ.

ಇನ್ನು ಇತಿಹಾಸ. 1903ರಲ್ಲಿ ಫ್ಲೋರಿಡಾದ ಪೆಲಿಕನ್ ದ್ವೀಪವನ್ನು ಹಕ್ಕಿಗಳಿಗೆ ಮೀಸಲಿಟ್ಟ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇಂದಿನ ಬಲಪಂಥೀಯರ ಪಕ್ಷವಾದ ರಿಪಬ್ಲಿಕನ್‌ನವರು, ಅದೂ ದೊಡ್ಡ ಬೇಟೆಗಾರ. ಅಳಿವಿನಂಚಿನ ಜೀವಿಗಳ ಕಾಯ್ದೆಗೆ 1973ರಲ್ಲಿ ಸಹಿ ಹಾಕಿದ್ದೂ ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್. ಕೆಳಮನೆಯಲ್ಲಿ ಅದರ ಪರ 355 ಮತ, ವಿರುದ್ಧ ಬರೀ 4!

ಮತ್ತೆ ಎಲ್ಲಿ ಕೆಟ್ಟಿತು? ಕಾಯ್ದೆ ಜನರ ಜಮೀನಿಗೂ ಕೂಲಿಗೂ ಬಂದು ತಾಗಿದಾಗ. 1990ರಲ್ಲಿ ಚುಕ್ಕೆ ಗೂಬೆ ಆ ಕಾಯ್ದೆಯ ಪಟ್ಟಿಗೆ ಸೇರಿತು. ಒರೆಗಾನ್, ವಾಷಿಂಗ್ಟನ್ ರಾಜ್ಯಗಳ ಕಡೆ ಹಳೇ ಕಾಡು ಕಡಿಯುವುದಕ್ಕೆ ತಡೆ ಬಿತ್ತು. ಟಿಂಬರ್ ಮಿಲ್ಲುಗಳಲ್ಲಿ ಕೆಲಸ ಕಮ್ಮಿಯಾಗಲು ಯಂತ್ರಗಳೂ ಕಾರಣ. ಆದರೆ ಜನ ಬೈದಿದ್ದು ಗೂಬೆಯನ್ನ, ಅದರ ಹಿಂದಿದ್ದ ಕೇಂದ್ರ ಸರ್ಕಾರವನ್ನ.

ನಾನಿರುವ ಕೊಲೊರಾಡೊ ರಾಜ್ಯದಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ತೋಳಗಳನ್ನು ಮತ್ತೆ ತರಬೇಕಾ ಅಂತ 2020ರಲ್ಲಿ ಜನಮತ ಕೇಳಿದರು. ಶೇ 51 ಕೂಡ ಮುಟ್ಟದೆ ಗೆದ್ದಿತು. ಡೆನ್ವರ್, ಬೌಲ್ಡರ್‌ನಂಥ ನಗರಗಳು ಹೂಂ ಅಂದವು. ತೋಳ ಬಿಡಬೇಕಾದ ಪಶ್ಚಿಮದ ದನ ಸಾಕುವ ಸೀಮೆ ಹೆಚ್ಚಾಗಿ ಬೇಡ ಅಂದಿತ್ತು. 2023ರ ಡಿಸೆಂಬರ್‌ನಲ್ಲಿ ಒರೆಗಾನ್‌ನಿಂದ 10 ತೋಳ ಬಂದವು. ಮುಂದಿನ ವಸಂತಕ್ಕೇ ಕರುಗಳು ಸತ್ತವು. ಒಂದು ದನಕ್ಕೆ 15,000 ಡಾಲರ್‌ವರೆಗೆ ಪರಿಹಾರ ಇದೆ, ಆದರೆ ತೋಳವೇ ಕೊಂದಿದ್ದು ಅಂತ ತೋರಿಸಬೇಕು. ಅಲ್ಲಿನ ರೈತರೊಬ್ಬರು ನನಗೆ ಹೇಳಿದ್ದು: "ದುಡ್ಡು ಆಮೇಲೆ. ನಮ್ಮನ್ನ ಕೇಳಿದ್ದು ಯಾರು?" ನಮ್ಮ ಸಕಲೇಶಪುರದ ಕಡೆ ಆನೆ ತೋಟ ತುಳಿದು ಹೋದ ಮೇಲೆ ಬರುವ ಮಾತೂ ಇದೇ ಅಲ್ವಾ? ನನಗೆ ತೋಳವೂ ಬೇಕು. ಆದರೆ ಅವರ ಸಿಟ್ಟನ್ನು ಪ್ರಾಣಿದ್ವೇಷ ಅನ್ನಲು ನನ್ನಿಂದಾಗದು.

ಇನ್ನೂ ಒಂದಿದೆ, ಬಲಪಂಥೀಯರೆಲ್ಲ ಒಂದೇ ಥರ ಅಂತಲೂ ಅಲ್ಲ. ಜಾರ್ಜ್ ಡಬ್ಲ್ಯೂ ಬುಷ್‌ಗೆ ಭಾಷಣ ಬರೆದುಕೊಡುತ್ತಿದ್ದ ಮ್ಯಾಥ್ಯೂ ಸ್ಕಲ್ಲಿ, ಕೋಳಿ-ಹಂದಿಗಳನ್ನು ಕಾರ್ಖಾನೆಯಂತೆ ಸಾಕುವುದರ ವಿರುದ್ಧ ಗಟ್ಟಿಯಾಗಿ ಬರೆದವರು. ಬಲವಿದ್ದವನು ಕರುಣೆ ತೋರಬೇಕು ಅನ್ನುವುದು ಅವರ ವಾದ. ಆ ಕಡೆ ನೋಡಿದರೆ, 2024ರ ನವೆಂಬರ್‌ನಲ್ಲಿ ಕೊಲೊರಾಡೊ ಡೆಮಾಕ್ರಾಟ್ ಪಕ್ಷದ ಕಮಲಾ ಹ್ಯಾರಿಸ್ ಅವರನ್ನು ಆರಾಮಾಗಿ ಗೆಲ್ಲಿಸಿತು. ಅದೇ ದಿನ ಮೌಂಟನ್ ಲಯನ್ (ಅಲ್ಲಿನ ದೊಡ್ಡ ಕಾಡುಬೆಕ್ಕು, ಪೂಮಾ) ಬೇಟೆ ನಿಷೇಧಿಸಬೇಕು ಅನ್ನುವ ಪ್ರಸ್ತಾಪವೂ ಮತಕ್ಕೆ ಬಂದಿತ್ತು. ಅದು ಸೋತಿತು. ಡೆಮಾಕ್ರಾಟ್ ಮತದಾರರಲ್ಲೂ ಎಷ್ಟೋ ಜನ ಬೇಡ ಅಂದಿದ್ದರು.